ಬಾಗಿಲು ಮುಚ್ಚುವ ಒಂದು ಕೋಣೆ ಇದ್ದರೆ ಸಾಕು: ರಕ್ಷಿಸಿದ ಬೆಕ್ಕು, ಮರಿಗಳಿಗೆ ತಾತ್ಕಾಲಿಕ ಮನೆಯಾಗುವುದು ಹೇಗೆ

ರಕ್ಷಿಸಿ ತಂದ ಬೆಕ್ಕಿಗೆ ಒಂದು ಸ್ವಂತ ಮನೆ ಸಿಗುವವರೆಗೆ ನಮ್ಮಲ್ಲಿ ಇಟ್ಟುಕೊಂಡು ನೋಡಿಕೊಳ್ಳುವುದಕ್ಕೆ ಫಾಸ್ಟರಿಂಗ್ ಅನ್ನುತ್ತಾರೆ. ಕೆಲವು ವಾರಗಳ ಕೆಲಸ, ಕೆಲವೊಮ್ಮೆ ತಿಂಗಳುಗಳದ್ದು. ಸಂಬಳ ಇಲ್ಲ. ಆದರೆ ಇದು ಇಲ್ಲದೆ ಬೆಕ್ಕುಗಳ ರಕ್ಷಣೆ ಅನ್ನುವುದು ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಆಶ್ರಯ ಕೇಂದ್ರದಲ್ಲಿ ಎಷ್ಟೇ ಒಳ್ಳೆಯ ಜನ ಇದ್ದರೂ ಬೆಕ್ಕುಗಳು ಪಕ್ಕಪಕ್ಕದಲ್ಲೇ ಇರಬೇಕಾಗುತ್ತದೆ. ಒಂದಕ್ಕೆ ಬಂದ ಸೋಂಕು ಇನ್ನೊಂದಕ್ಕೆ ಬೇಗ ತಗಲುತ್ತದೆ. ಲಸಿಕೆ ಆಗದ ಪುಟ್ಟ ಮರಿಗಳಿಗೆ ಅಲ್ಲಿ ಅಪಾಯ ಜಾಸ್ತಿ. ರಾತ್ರಿಯಿಡೀ ಬಾಟಲಿ ಹಿಡಿದು ಕೂರಲು ಅಲ್ಲಿ ಜನರೂ ಇರುವುದಿಲ್ಲ.

ಬೆಕ್ಕಿನ ಮೇಲೆ ಪ್ರೀತಿ ಇರುವವರಿಗೆ ಕೊರತೆ ಇಲ್ಲ. ಆದರೆ ಮರಿಯ ಜೀವ ಉಳಿಸುವುದು ದಿನಾ ಅದನ್ನು ಗಮನಿಸುವ ಅಭ್ಯಾಸ. ಎಷ್ಟು ತಿಂದಿತು, ಎಷ್ಟು ತೂಗಿತು, ಲಿಟರ್‌ನಲ್ಲಿ (ಬೆಕ್ಕು ಉಚ್ಚೆ, ಕಕ್ಕ ಮಾಡಲು ತಟ್ಟೆಯಲ್ಲಿ ಹಾಕಿಡುವ ಮರಳಿನಂಥ ಪುಡಿ) ಏನಿತ್ತು, ನಿನ್ನೆಗಿಂತ ಇವತ್ತು ಯಾಕೆ ಸುಮ್ನೆ ಕೂತಿದೆ: ಇಷ್ಟನ್ನು ನೋಡಿ ಬರೆದಿಡುವವರು ಒಳ್ಳೆಯ ಫಾಸ್ಟರ್ ಆಗುತ್ತಾರೆ. ಹಿಂದೆ ಬೆಕ್ಕು ಸಾಕಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಈ ಲೇಖನದ ಉದ್ದಕ್ಕೂ ನಾನು ಮತ್ತೆ ಮತ್ತೆ ತೂಕದ ಯಂತ್ರ ಮತ್ತು ಪುಸ್ತಕದ ಮಾತಿಗೇ ಬರುತ್ತೇನೆ. ಬೇಕೆಂದೇ ಬರುತ್ತೇನೆ.

ಹೂಂ ಅನ್ನುವ ಮೊದಲು

ಕೆಲವು ಪ್ರಶ್ನೆಗಳನ್ನು ಬೆಕ್ಕು ಮನೆಗೆ ಬರುವ ಮೊದಲೇ ಅದನ್ನು ಕೊಡುವ ರಕ್ಷಣೆಯ ಗುಂಪಿನವರಿಗೆ ಕೇಳಿಬಿಡಿ. ವೆಟ್ (ಪಶುವೈದ್ಯರ) ಖರ್ಚು ಯಾರದ್ದು? ಆಹಾರ, ಲಿಟರ್, ಹಾಲಿನ ಪುಡಿ ಅವರು ಕೊಡುತ್ತಾರಾ, ನಾವು ತರಬೇಕಾ? ನಡುರಾತ್ರಿ ಮರಿ ಸುಸ್ತಾದರೆ ಯಾರಿಗೆ ಫೋನ್ ಮಾಡುವುದು, ಅವರು ಆ ಹೊತ್ತಲ್ಲಿ ನಿಜವಾಗಿ ಫೋನ್ ಎತ್ತುತ್ತಾರಾ? ಅಂದಾಜು ಎಷ್ಟು ವಾರ ಇಟ್ಟುಕೊಳ್ಳಬೇಕು? ನಡುವೆ ನಾವು ಎಲ್ಲಾದರೂ ಹೋಗಬೇಕಾಗಿ ಬಂದರೆ ಏನು ವ್ಯವಸ್ಥೆ? ಯಾರಿಗೆ ದತ್ತು ಕೊಡಬೇಕು ಅಂತ ತೀರ್ಮಾನ ಮಾಡುವವರು ಯಾರು? ಉತ್ತರಗಳನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಸಂಶಯಕ್ಕಾಗಿ ಅಲ್ಲ, ಆಮೇಲೆ ಇಬ್ಬರಿಗೂ ನೆನಪಿರಲಿ ಅಂತ.

ಬೆಕ್ಕಿನ ಬಗ್ಗೆಯೂ ಕೇಳಿ. ಎಲ್ಲಿ ಸಿಕ್ಕಿತು, ಲಸಿಕೆ ಏನಾಗಿದೆ, ಜಂತುಹುಳದ ಔಷಧಿ ಕೊಟ್ಟಿದ್ದಾರಾ, ಜೊತೆಗಿದ್ದ ಬೇರೆ ಮರಿಗಳು ಏನಾದವು. ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಜೊತೆಯ ಮರಿ ಭೇದಿಯಾಗಿ ಸತ್ತಿದ್ದರೆ ನಿಮ್ಮ ಕೈಗೆ ಬರುವ ಮರಿಯನ್ನು ನೋಡುವ ರೀತಿಯೇ ಬೇರೆ ಆಗಬೇಕು.

ಮರಿಗಳನ್ನು ನೀವೇ ಕಂಡಿದ್ದರೆ ಇನ್ನೊಂದು ಮಾತು. ಗೂಡಿನಲ್ಲಿ ಸುಮ್ಮನೆ ಮಲಗಿರುವ, ಹೊಟ್ಟೆ ತುಂಬಿ ದುಂಡಗಿರುವ, ಮೈ ಶುಚಿಯಾಗಿರುವ ಮರಿಗಳಿಗೆ ಸಾಮಾನ್ಯವಾಗಿ ತಾಯಿ ಇರುತ್ತದೆ. ಅದು ಆಹಾರ ಹುಡುಕಲು ಹೋಗಿರಬಹುದು. ತಕ್ಷಣದ ಅಪಾಯ ಇಲ್ಲದಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾಯಿರಿ. ತಾಯಿಯ ಹಾಲಿಗೆ ಸಮನಾದದ್ದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಕೊಳಕಾಗಿ, ತಣ್ಣಗಾಗಿ, ಬಿಡದೆ ಅರಚುತ್ತಿರುವ ಮರಿಗಳಾದರೆ ಕಾಯಬೇಡಿ, ಎತ್ತಿಕೊಳ್ಳಿ.

ನಿಮಗೆ ಹೊಂದುವ ಬೆಕ್ಕು ಯಾವುದು

ಮೊದಲ ಸಲಕ್ಕೆ ನನ್ನ ಸಲಹೆ: ಆರೆಂಟು ವಾರದ, ತಾವಾಗಿಯೇ ತಿನ್ನುವ ಎರಡು ಮರಿಗಳು, ಅಥವಾ ಆಪರೇಷನ್ ಮುಗಿಸಿ ಚೇತರಿಸಿಕೊಳ್ಳುತ್ತಿರುವ ಒಂದು ದೊಡ್ಡ ಬೆಕ್ಕು. ಒಂಟಿ ಮರಿಗಿಂತ ಜೋಡಿ ಮರಿ ಸುಲಭ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅವು ಒಂದರಿಂದ ಒಂದು ಕಲಿಯುತ್ತವೆ. ಒಂಟಿಯಾಗಿ ಬೆಳೆದದ್ದು ಆ ಪಾಠವನ್ನು ನಿಮ್ಮ ಕೈಮೇಲೆ ಕಲಿಯುತ್ತದೆ.

ಬಾಟಲಿ ಹಾಲು ಕುಡಿಯುವ ಮರಿಗಳಿಗೆ ನಿಮ್ಮ ನಿದ್ದೆ ಕೊಡಬೇಕು. ಹಗಲಿಡೀ ಹೊರಗೆ ಕೆಲಸ ಮಾಡುವವರು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಅವುಗಳನ್ನು ಒಪ್ಪಿಕೊಳ್ಳಬೇಡಿ. ಇಲ್ಲ ಅನ್ನುವುದೂ ಒಂದು ಸಹಾಯವೇ. ಬೇಗ ಇಲ್ಲ ಅಂದರೆ ಅವರು ಬೇಗ ಇನ್ನೊಬ್ಬರನ್ನು ಹುಡುಕುತ್ತಾರೆ.

ಕೋಣೆ ಸಿದ್ಧ ಮಾಡುವುದು

ಇಡೀ ಮನೆ ಬೇಡ. ಬಾಗಿಲು ಮುಚ್ಚುವ ಒಂದು ಸಣ್ಣ ಕೋಣೆ, ತೊಳೆಯಲು ಆಗುವ ನೆಲ, ಇಷ್ಟು ಸಾಕು. ಒಣಗಿರುವ ಬಚ್ಚಲಮನೆಯೂ ನಡೆಯುತ್ತದೆ. ಹೆದರಿದ ಪ್ರಾಣಿಗೆ ಸಣ್ಣ ಜಾಗವೇ ಧೈರ್ಯ. ಒಂದು ಮೂಲೆಯಲ್ಲಿ ಲಿಟರ್ ಬಾಕ್ಸ್, ಅದರಿಂದ ಆದಷ್ಟು ದೂರ ಆಹಾರ ಮತ್ತು ನೀರು, ನಡುವೆ ಎಲ್ಲಾದರೂ ಅಡಗಿ ಕೂರಲು ಒಂದು ರಟ್ಟಿನ ಡಬ್ಬ. ಈ ಡಬ್ಬ ಅಲಂಕಾರಕ್ಕಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯ ಕೇಂದ್ರದ ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಡಗಲು ಡಬ್ಬ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು, ಒತ್ತಡವೂ ಕಡಿಮೆ ಇತ್ತು.

ನೆಲಕ್ಕೆ ಕೂತು ಆ ಕೋಣೆಯನ್ನು ಮರಿಯ ಎತ್ತರದಿಂದ ನೋಡಿ. ಮಂಚದ ಕೆಳಗಿನ ಸಂದು, ಕಪಾಟಿನ ಹಿಂದೆ, ತೊಳೆಯುವ ಯಂತ್ರದ ಅಡಿ: ಎಲ್ಲ ಮುಚ್ಚಿ. ದಾರ, ರಬ್ಬರ್ ಬ್ಯಾಂಡ್, ಸೂಜಿ, ಕೂದಲಿಗೆ ಹಾಕುವ ಇಲಾಸ್ಟಿಕ್ ತೆಗೆದಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತವೆ. ಕಿಟಕಿಗೆ ಗಟ್ಟಿ ಜಾಲರಿ ಇರಬೇಕು. ಲಿಲ್ಲಿ ಹೂವಿನ ಗಿಡ ಮನೆಯಲ್ಲೇ ಬೇಡ. ಅದರ ಪರಾಗವಾಗಲಿ, ಹೂದಾನಿಯ ನೀರಾಗಲಿ ಸಾಕು, ಬೆಕ್ಕಿನ ಕಿಡ್ನಿ ಕೆಡುತ್ತದೆ.

ಮನೆಯಲ್ಲಿ ನಿಮ್ಮದೇ ಬೆಕ್ಕು ಇದ್ದರೆ ಮೊದಲು ಅದರ ಲಸಿಕೆ ಸರಿಯಾಗಿದೆಯಾ ನೋಡಿ. ಹೊಸದು ಕನಿಷ್ಠ ಎರಡು ವಾರ ಪ್ರತ್ಯೇಕ ಕೋಣೆಯಲ್ಲೇ ಇರಲಿ. ಬಟ್ಟಲು, ಲಿಟರ್ ಚಮಚ, ಹೊದಿಕೆ ಎಲ್ಲ ಬೇರೆ. ಆ ಕೋಣೆಗೆ ಹೋಗುವಾಗ ಒಂದು ಹಳೆಯ ಅಂಗಿ ಮೇಲೆ ಹಾಕಿಕೊಳ್ಳಿ, ಹೊರಬರುವಾಗ ಅಲ್ಲೇ ಬಿಡಿ, ಕೈ ಸೋಪಿನಲ್ಲಿ ತೊಳೆಯಿರಿ. ಇದು ಅತಿಯಾಯಿತು ಅನ್ನಿಸಬಹುದು. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವೈರಸ್ ಕಾಯಿಲೆ ಒಂದಿದೆ. ವಾಂತಿ, ಭೇದಿ, ಜ್ವರ ಬಂದು ಮರಿ ಒಂದೆರಡು ದಿನದಲ್ಲೇ ಹೋಗಿಬಿಡಬಹುದು. ಆ ವೈರಸ್ ನೆಲ, ಬಟ್ಟೆ, ಚಪ್ಪಲಿಯ ಮೇಲೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಬೆಕ್ಕನ್ನು ಒಯ್ಯಲು ಗಟ್ಟಿಯಾದ ಕ್ಯಾರಿಯರ್ ಪೆಟ್ಟಿಗೆ, ತಗ್ಗಾದ ಅಂಚಿನ ಲಿಟರ್ ತಟ್ಟೆ, ಹಳೆಯ ಟವೆಲ್‌ಗಳು, ಚಿಗಟ ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ, ಥರ್ಮಾಮೀಟರ್, ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆಯ ತೂಕದ ಯಂತ್ರ. ದುಡ್ಡು ಕಡಿಮೆ ಇದ್ದರೆ ಆಟಿಕೆ ಬಿಡಿ, ತೂಕದ ಯಂತ್ರ ತನ್ನಿ.

ಮೊದಲ ರಾತ್ರಿ

ಕ್ಯಾರಿಯರ್ ಕೋಣೆಯೊಳಗೆ ಇಟ್ಟು ಬಾಗಿಲು ತೆರೆದು ಬಿಡಿ. ಎಳೆಯಬೇಡಿ. ಎಲ್ಲರನ್ನೂ ಕರೆದು ತೋರಿಸಬೇಡಿ, ಫೋಟೋ ನಾಳೆ ತೆಗೆದರಾಯಿತು. ಮರಿಗಳಾದರೆ ಒಂದೊಂದನ್ನೇ ಎತ್ತಿ ಕಣ್ಣು, ಮೂಗು, ಕಿವಿ, ಬಾಲದ ಕೆಳಗೆ ನೋಡಿ. ತುಪ್ಪಳವನ್ನು ಬೇರ್ಪಡಿಸಿದಾಗ ಕರಿಮೆಣಸಿನ ಪುಡಿಯ ಹಾಗೆ ಚುಕ್ಕೆಗಳು ಕಂಡರೆ ಅದು ಚಿಗಟದ ಕಸ. ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ, ಕೆಂಪಗೆ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಪುಟ್ಟ ಮರಿಯಲ್ಲಿ ಚಿಗಟ ಜಾಸ್ತಿಯಾದರೆ ರಕ್ತಹೀನತೆಯಿಂದಲೇ ಜೀವ ಹೋಗಬಹುದು. ಒಸಡು ಬಿಳಿಚಿಕೊಂಡಿದೆಯಾ ನೋಡಿ.

ಚಿಗಟಕ್ಕೆ ಅಂತ ಅಂಗಡಿಯಲ್ಲಿ ಸಿಕ್ಕ ಔಷಧಿ ಹಚ್ಚಬೇಡಿ. ನಾಯಿಗಳಿಗೆ ಮಾಡಿದ ಅನೇಕ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ. ತೀರಾ ಎಳೆಯ ಮರಿಗೆ ಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಪಾತ್ರೆ ತೊಳೆಯುವ ದ್ರವ, ಬಾಚಣಿಗೆ, ಅಷ್ಟೇ. ತಲೆ ಒದ್ದೆ ಮಾಡದೆ ಬೇಗ ಮುಗಿಸಿ, ಕೂಡಲೇ ಪೂರ್ತಿ ಒಣಗಿಸಿ ಬೆಚ್ಚಗಿಡಿ.

ಆಮೇಲೆ ತೂಗಿ. ಪುಸ್ತಕದ ಮೊದಲ ಸಾಲು ಅದೇ ಆಗಲಿ.

ಬಾಟಲಿ ಮರಿಗಳು: ಮೊದಲು ಬೆಚ್ಚಗೆ, ಆಮೇಲೆ ಹಾಲು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಳೆಯ ಮರಿಗಳಿಗೆ ಕೆಟ್ಟದಾಗುವುದು ಬಹುಮಟ್ಟಿಗೆ ಈ ಹಂತದಲ್ಲೇ.

ತಣ್ಣಗಿರುವ ಮರಿಗೆ ಯಾವತ್ತೂ ಹಾಲು ಕುಡಿಸಬೇಡಿ. ಮೈ ತಣ್ಣಗಾದಾಗ ಕರುಳು ಕೆಲಸ ನಿಲ್ಲಿಸುತ್ತದೆ, ಹಾಲು ಒಳಗೇ ಕೆಡುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಹುಟ್ಟಿದ ಮರಿಗೆ ತನ್ನ ಮೈಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಸುಮಾರು ಮೂರ್ನಾಲ್ಕು ವಾರ ಬೇಕು ಅದಕ್ಕೆ. ಮೊದಲ ವಾರ ಅದು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಇಡಿ, ಅಥವಾ ಹೀಟಿಂಗ್ ಪ್ಯಾಡ್ ಕಡಿಮೆ ಬಿಸಿಯಲ್ಲಿ ಇಡಿ. ಡಬ್ಬದ ಅರ್ಧ ಭಾಗಕ್ಕೆ ಮಾತ್ರ ಬಿಸಿ ಇರಲಿ. ಸೆಕೆಯಾದರೆ ಮರಿ ಇನ್ನೊಂದು ಅರ್ಧಕ್ಕೆ ತೆವಳಿಕೊಂಡು ಹೋಗಬೇಕಲ್ವಾ. ಪಾದ, ಬಾಯಿಯ ಒಳಭಾಗ ಮುಟ್ಟಿ ನೋಡಿ. ತಣ್ಣಗಿದ್ದರೆ ಎದೆಗೆ ಅವುಚಿಕೊಂಡು ನಿಧಾನವಾಗಿ ಬೆಚ್ಚಗಾಗಿಸಿ, ಹಾಲಿಗೆ ಅವಸರ ಮಾಡಬೇಡಿ.

ಬೆಕ್ಕು ಎಂದರೆ ಹಸುವಿನ ಹಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಎಳೆಯ ಮರಿಗೆ ಅದು ಬೇಡ. ಭೇದಿ ಶುರುವಾಗುತ್ತದೆ, 100 ಗ್ರಾಂ ತೂಕದ ಜೀವಕ್ಕೆ ಭೇದಿ ತಡೆದುಕೊಳ್ಳುವ ಶಕ್ತಿ ಇಲ್ಲ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ. ಗಟ್ಟಿಯಾಗಿ ಕಲಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು, ಮಲಬದ್ಧತೆ ಆಗುತ್ತದೆ. ಕಲಸಿದ್ದನ್ನು ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಕುಡಿಸುವಾಗ ಮೈಬಿಸಿಗೆ ಬರುವಷ್ಟು, ಸುಮಾರು 38 ಡಿಗ್ರಿಗೆ, ಬಿಸಿನೀರಿನಲ್ಲಿ ಬಾಟಲಿ ಇಟ್ಟು ಬೆಚ್ಚಗಾಗಿಸಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಗೊತ್ತಾಗುತ್ತದೆ.

ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ, ತಾಯಿಯ ಮೊಲೆಗೆ ಬಾಯಿ ಹಾಕುವಾಗ ಹೇಗಿರುತ್ತದೋ ಹಾಗೆ. ಬಾಟಲಿ ತಲೆಕೆಳಗು ಮಾಡಿದಾಗ ಹಾಲು ಒಂದೊಂದೇ ಹನಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಒತ್ತಿ ಹಿಂಡಬೇಡಿ, ಮರಿಯೇ ಎಳೆದುಕೊಳ್ಳಲಿ. ಸರಿಯಾಗಿ ಹಿಡಿದುಕೊಂಡಾಗ ನೋಡಿ, ನಾಲಿಗೆ ನಿಪ್ಪಲ್ ಸುತ್ತ ಮಡಚಿಕೊಳ್ಳುತ್ತದೆ, ಎರಡೂ ಕಿವಿ ಗುಟುಕಿನ ತಾಳಕ್ಕೆ ಹಿಂದೆ ಮುಂದೆ ಅಲುಗುತ್ತವೆ, ಮುಂದಿನ ಪಾದಗಳು ಗಾಳಿಯಲ್ಲೇ ಒತ್ತತೊಡಗುತ್ತವೆ. ಕಿವಿ ಅಲುಗಿದರೆ ಹಾಲು ಒಳಗೆ ಹೋಗುತ್ತಿದೆ ಅಂತ ಅರ್ಥ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ ಒರೆಸಿ. ಆಮೇಲೆ ಕೆಮ್ಮು, ಉಸಿರಾಟದಲ್ಲಿ ಸದ್ದು ಬಂದರೆ ವೆಟ್‌ಗೆ ತೋರಿಸಲೇಬೇಕು.

ಎಷ್ಟು, ಎಷ್ಟು ಹೊತ್ತಿಗೊಮ್ಮೆ? ಮೊದಲ ವಾರ ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ. ಎರಡನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ. ಮೂರನೆಯ ವಾರದ ಹೊತ್ತಿಗೆ ನಾಲ್ಕು ಐದು ಗಂಟೆ ಸಿಗುತ್ತದೆ ನಿಮಗೆ. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿಲೀ ಸುತ್ತಮುತ್ತ ಕೊಟ್ಟರೆ ಹೊಟ್ಟೆಗೆ ಭಾರವಾಗುವುದಿಲ್ಲ. ಹೊಟ್ಟೆ ದುಂಡಗಾಗಬೇಕು, ಡೋಲಿನ ಹಾಗೆ ಬಿಗಿಯಬಾರದು.

ಹಾಲು ಆದ ಮೇಲೆ ಇನ್ನೊಂದು ಕೆಲಸ ಇದೆ. ಸುಮಾರು ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನೀವು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆತ್ತಗೆ ಒರೆಸಿ. ಪ್ರತಿ ಸಲವೂ ಉಚ್ಚೆ ಬರಬೇಕು, ತಿಳಿ ಹಳದಿ ಬಣ್ಣ. ಗಾಢವಾಗಿದ್ದರೆ ಮರಿಗೆ ನೀರು ಸಾಲುತ್ತಿಲ್ಲ. ಕಕ್ಕ ದಿನಕ್ಕೊಮ್ಮೆ ಬಂದರೂ ಸಾಕು.

ತಾಯಿ ಇಲ್ಲದ ಮರಿಗಳು ಒಂದನ್ನೊಂದು ಚೀಪಲು ಶುರು ಮಾಡುತ್ತವೆ, ಅದರಲ್ಲೂ ಬಾಲದ ಕೆಳಗೆ. ಅಲ್ಲಿ ಊದಿಕೊಂಡರೆ ಉಚ್ಚೆಯ ದಾರಿಯೇ ಮುಚ್ಚಬಹುದು. ಕಂಡ ತಕ್ಷಣ ಬೇರೆ ಬೇರೆ ಡಬ್ಬದಲ್ಲಿ ಮಲಗಿಸಿ. ನೋಡಲು ಕಷ್ಟವಾಗುತ್ತದೆ, ಆದರೂ ಮಾಡಬೇಕು.

ತೂಕದ ಪುಸ್ತಕ

ಹುಟ್ಟಿದಾಗ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುತ್ತದೆ. ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ತಿಂಗಳಿಗೆ 450 ಗ್ರಾಂ ಹತ್ತಿರ, ಎರಡು ತಿಂಗಳಿಗೆ 900 ಗ್ರಾಂ ಹತ್ತಿರ. ಎಳೆಯ ಮರಿಗಳನ್ನು ದಿನಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಹಾಲು ಕುಡಿಯುವ ಮೊದಲು ತೂಗಿ. ತಿನ್ನಲು ಕಲಿತ ಮೇಲೆ ದಿನಕ್ಕೊಮ್ಮೆ ಸಾಕು.

ಪುಸ್ತಕದಲ್ಲಿ ಒಂದು ಮರಿಗೆ ಒಂದು ಪುಟ. "ಬೆಳಗ್ಗೆ 212, ಸಂಜೆ 218, ಹಾಲು 8 ಮಿಲೀ, ಕಕ್ಕ ಮೆತ್ತಗೆ ಹಳದಿ, ಎಡಗಣ್ಣಿನಲ್ಲಿ ಸ್ವಲ್ಪ ಪಿಸುರು." ಇಂಥ ಒಂದು ಸಾಲು ಬರೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಮರಿ ಕಾಯಿಲೆ ತೋರಿಸಿಕೊಳ್ಳುವ ಮೊದಲು ತೂಕ ತೋರಿಸುತ್ತದೆ. ಆಡುತ್ತಾ ಕುಣಿಯುತ್ತಾ ಇರುವ ಮರಿಯ ತೂಕ ಒಂದು ಇಡೀ ದಿನ ಏರಲಿಲ್ಲ ಅಂದರೆ ಕಣ್ಣಿಡಿ. ಇಳಿದರೆ ಅವತ್ತೇ ಫೋನ್ ಮಾಡಿ. "ಯಾಕೋ ಡಲ್ ಆಗಿದೆ" ಅಂದರೆ ವೆಟ್‌ಗೆ ಹೆಚ್ಚೇನೂ ತಿಳಿಯುವುದಿಲ್ಲ. "ನಿನ್ನೆಯಿಂದ 14 ಗ್ರಾಂ ಇಳಿದಿದೆ, ಎರಡು ಸಲ ಹಾಲು ಬಿಟ್ಟಿದೆ" ಅಂದರೆ ತಕ್ಷಣ ಕರೆದುಕೊಂಡು ಬನ್ನಿ ಅನ್ನುತ್ತಾರೆ.

ಒಂದೇ ಬಣ್ಣದ ಮರಿಗಳಿದ್ದರೆ ಗುರುತಿಗೆ ಕತ್ತಿಗೆ ದಾರ ಕಟ್ಟಬೇಡಿ. ಕಿವಿಯ ಒಳಗಿನ ಬಣ್ಣ, ಪಾದದ ಮೆತ್ತೆಯ ಬಣ್ಣ, ಬಾಲದ ತುದಿ ನೋಡಿ, ಏನಾದರೂ ವ್ಯತ್ಯಾಸ ಇದ್ದೇ ಇರುತ್ತದೆ.

ಹಾಲಿನಿಂದ ಊಟಕ್ಕೆ

ಕಣ್ಣು 7ರಿಂದ 14 ದಿನದೊಳಗೆ ತೆರೆಯುತ್ತದೆ. ಮೂರನೆಯ ವಾರ ಮುಂದಿನ ಪುಟ್ಟ ಹಲ್ಲು ಮೂಡುತ್ತವೆ, ತಡವರಿಸುತ್ತಾ ನಡೆಯುತ್ತವೆ. ವಯಸ್ಸು ಗೊತ್ತಿಲ್ಲದ ಮರಿಯ ವಯಸ್ಸು ಅಂದಾಜು ಮಾಡಲು ಹಲ್ಲೇ ಒಳ್ಳೆಯ ಸಾಕ್ಷಿ. ನಾಲ್ಕು ವಾರದ ಹೊತ್ತಿಗೆ ನಿಪ್ಪಲ್ ಕಚ್ಚಲು ಶುರು ಮಾಡಿದರೆ ಹಾಲಿನ ಪುಡಿಯ ಹಾಲಿಗೇ ಮರಿಗಳ ಮೆತ್ತನೆ ಆಹಾರ ಕಲಸಿ ತಗ್ಗು ತಟ್ಟೆಯಲ್ಲಿ ಇಡಿ. ಮೊದಲ ದಿನ ತಿನ್ನುವುದಕ್ಕಿಂತ ಅದರಲ್ಲಿ ನಡೆದಾಡುವುದೇ ಜಾಸ್ತಿ. ಬಾಟಲಿ ಒಮ್ಮೆಲೇ ನಿಲ್ಲಿಸಬೇಡಿ. ತೂಕ ಏರುತ್ತಿದ್ದರೆ ಮಾತ್ರ ಒಂದೊಂದೇ ಹೊತ್ತು ಬಿಡಿಸಿ. ಆರರಿಂದ ಎಂಟು ವಾರದೊಳಗೆ ಪೂರ್ತಿ ಊಟಕ್ಕೆ ಬರುತ್ತವೆ.

ಲಿಟರ್ ಕೂಡ ಈ ಹೊತ್ತಿಗೇ. ನೀರು ತಾಗಿದರೆ ಗಟ್ಟಿಯಾಗುವ ಲಿಟರ್ ಎಳೆಯ ಮರಿಗಳಿಗೆ ಬೇಡ, ಅವು ಬಾಯಿಗೆ ಹಾಕಿಕೊಳ್ಳುತ್ತವೆ. ಊಟವಾದ ಕೂಡಲೇ ತಟ್ಟೆಯಲ್ಲಿ ಬಿಟ್ಟರೆ ಕೆರೆಯುವ ಬುದ್ಧಿ ತಾನಾಗಿ ಬರುತ್ತದೆ.

ಲಸಿಕೆ, ಹುಳ, ಆಪರೇಷನ್

ಜಂತುಹುಳದ ಔಷಧಿ ಸಾಮಾನ್ಯವಾಗಿ ಎರಡು ವಾರದ ವಯಸ್ಸಿಗೆ ಶುರುವಾಗಿ ಎರಡು ವಾರಕ್ಕೊಮ್ಮೆ ನಡೆಯುತ್ತದೆ. ಮುಖ್ಯ ಲಸಿಕೆ 6ರಿಂದ 8 ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರದ ನಂತರ. ಒಂದೇ ಚುಚ್ಚುಮದ್ದು ಆಯಿತು, ಇನ್ನು ಭಯವಿಲ್ಲ ಅಂತ ತಿಳಿಯಬೇಡಿ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇನ್ನೂ ಇದ್ದರೆ ಅದೇ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಕೊಡುವುದು. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ, ಅಂದಾಜಿನಲ್ಲಿ ಕೊಡಬೇಡಿ.

ಮುಂದೆ ಮರಿಯಾಗದ ಹಾಗೆ ಮಾಡುವ ಆಪರೇಷನ್ ಮಾಡಿಸದೆ ದತ್ತು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸುರಾಗಬಲ್ಲದು. ಮಾಡಿಸುತ್ತೇವೆ ಅಂತ ಮಾತು ಕೊಟ್ಟವರು ಮರೆತರೆ ವರ್ಷದೊಳಗೆ ಮತ್ತೆ ಮರಿಗಳು ಬೀದಿಯಲ್ಲಿ.

ತಡ ಮಾಡದೆ ಓಡಬೇಕಾದ ಹೊತ್ತು

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ:

- ಮರಿ ಜೋಲು ಬಿದ್ದಿದೆ, ತಣ್ಣಗಿದೆ, ಬಾಯಿ ತೆರೆದು ಉಸಿರಾಡುತ್ತಿದೆ
- ವಾಂತಿ ಮತ್ತು ಭೇದಿ ಒಟ್ಟಿಗೆ, ಅಥವಾ ಭೇದಿಯಲ್ಲಿ ರಕ್ತ
- ಎಳೆಯ ಮರಿ ಸತತ ಎರಡು ಹೊತ್ತು ಹಾಲು ಬಿಟ್ಟಿದೆ
- ಗಂಡು ಬೆಕ್ಕು ಲಿಟರ್‌ಗೆ ಹೋಗಿ ಹೋಗಿ ಬರುತ್ತಿದೆ, ಉಚ್ಚೆ ಮಾತ್ರ ಬರುತ್ತಿಲ್ಲ
- ಒಸಡು ಬಿಳಿ ಅಥವಾ ನೀಲಿ

ಮರಿ ಜೋಲು ಬಿದ್ದಾಗ ವೆಟ್ ಹತ್ತಿರ ಹೋಗುವ ದಾರಿಯಲ್ಲೂ ಬೆಚ್ಚಗೆ ಸುತ್ತಿಟ್ಟುಕೊಳ್ಳಿ, ಒಸಡಿಗೆ ಸಕ್ಕರೆ ನೀರನ್ನು ಒಂದು ಹನಿ ಸವರಿ. ಬಾಯಿಗೆ ಸುರಿಯಬೇಡಿ.

ದೊಡ್ಡ ಬೆಕ್ಕು ಒಂದು ದಿನ ಏನೂ ತಿನ್ನದಿದ್ದರೆ ತಿಳಿಸಿ. ಕೆಲವು ದಿನ ಹಾಗೇ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗುತ್ತದೆ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗದೆ ಊಟ ಬೇಡವಾಗುತ್ತದೆ. ಆಹಾರ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ, ಮೂಗು ಒರೆಸಿ. ಜ್ವರ ಅಂತ ಮನುಷ್ಯರ ಮಾತ್ರೆ ಕೊಡಲೇಬೇಡಿ. ಒಂದೇ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು.

ನಿಮ್ಮ ಆರೋಗ್ಯದ ಮಾತೂ ಬೇಕು. ಮರಿಯ ಮೈಮೇಲೆ ದುಂಡಗೆ ಕೂದಲು ಉದುರಿದ ಜಾಗ ಕಂಡರೆ ಅದು ಹುಳಕಡ್ಡಿ ಇರಬಹುದು. ನಮಗೂ ಅಂಟುತ್ತದೆ, ಚಿಕಿತ್ಸೆ ಇದೆ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ರೇಬೀಸ್ ವಿಷಯದಲ್ಲಿ "ನೋಡೋಣ" ಅನ್ನುವುದು ಬೇಡ. ಮನೆಯಲ್ಲಿ ಗರ್ಭಿಣಿ ಇದ್ದರೆ ಲಿಟರ್ ಬೇರೆಯವರು ತೆಗೆಯಲಿ, ದಿನಾ ತೆಗೆಯಲಿ. ಗರ್ಭದ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಮಲದಲ್ಲಿ ಹೊರಬಂದ ಮೇಲೆ ಸೋಂಕು ತರುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಅದಕ್ಕೇ ದಿನಾ ತೆಗೆಯುವುದು.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಹುಟ್ಟಿನಿಂದಲೇ ಬಂದ ತೊಂದರೆಗಳು ಹೊರಗೆ ಕಾಣುವುದಿಲ್ಲ. ಹಾಗಾದಾಗ ಅಳು ಬಂದರೆ ಅಳಿ. ಉಳಿದ ಮರಿಗಳ ತೂಕ ತೂಗುವುದನ್ನು ಮಾತ್ರ ಬಿಡಬೇಡಿ.

ಹೆದರಿದ ಬೆಕ್ಕಿನ ಜೊತೆ

ಮರಿಗಳು ಮನುಷ್ಯರನ್ನು ನಂಬಲು ಕಲಿಯುವ ಹೊತ್ತು ಎರಡರಿಂದ ಏಳು ವಾರ. ಆ ದಿನಗಳಲ್ಲಿ ದಿನಾ ಎತ್ತಿಕೊಳ್ಳಿ, ಪಾದ ಮುಟ್ಟಿ, ಬೇರೆ ಬೇರೆ ಜನ ಮಾತಾಡಿಸಲಿ, ಮಿಕ್ಸಿ ಸದ್ದು ದೂರದಿಂದ ಕೇಳಲಿ. ಬುಸುಗುಡುವ ಮರಿ ಸಿಟ್ಟಿನಲ್ಲಿಲ್ಲ, ಹೆದರಿದೆ. ಉದ್ದ ಚಮಚದ ತುದಿಯಲ್ಲಿ ಮೆತ್ತನೆ ಆಹಾರ ಚಾಚಿ. ದಿನ ಕಳೆದಂತೆ ಚಮಚ ಗಿಡ್ಡ ಮಾಡುತ್ತಾ ಬನ್ನಿ, ಕೊನೆಗೆ ಬೆರಳ ತುದಿ. ತಿನ್ನುತ್ತಿರುವಾಗ ಕೆನ್ನೆ ಸವರಲು ಬಿಟ್ಟಿತು ಅಂದರೆ ಅರ್ಧ ಕೆಲಸ ಮುಗಿಯಿತು.

ದೊಡ್ಡ ಬೆಕ್ಕು ಡಬ್ಬದಿಂದ ಹೊರಗೇ ಬರುತ್ತಿಲ್ಲ ಅಂತ ಗಾಬರಿಯಾಗಬೇಡಿ. ರಾತ್ರಿ ಬಟ್ಟಲು ಖಾಲಿಯಾಗುತ್ತಿದೆಯಾ, ಲಿಟರ್‌ನಲ್ಲಿ ಗುರುತು ಇದೆಯಾ? ಹಾಗಿದ್ದರೆ ಅದು ಚೆನ್ನಾಗಿದೆ, ನಿಮ್ಮನ್ನು ಅಳೆಯುತ್ತಿದೆ ಅಷ್ಟೇ. ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಪುಸ್ತಕ ಓದಿ, ಅದರ ಕಡೆ ದಿಟ್ಟಿಸಬೇಡಿ. ಕಣ್ಣು ಕೂಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಹಾಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರ ಕೊಟ್ಟವು, ಹತ್ತಿರವೂ ಬಂದವು.

ತಾಯಿ ಬೆಕ್ಕು ಮರಿಗಳ ಜೊತೆ ಬಂದರೆ ನಿಮ್ಮ ಕೆಲಸ ಬಹಳ ಕಡಿಮೆ. ಅದಕ್ಕೆ ಹೊಟ್ಟೆ ತುಂಬ ಊಟ, ಶಾಂತಿ ಕೊಡಿ. ಊಟಕ್ಕೆ ಮರಿಗಳ ಆಹಾರವೇ ಒಳ್ಳೆಯದು, ಶಕ್ತಿ ಜಾಸ್ತಿ ಇರುತ್ತದೆ. ಗಂಡು ಬೆಕ್ಕಿನ ಹತ್ತಿರ ಬಿಡಬೇಡಿ, ಹಾಲು ಕುಡಿಸುತ್ತಿರುವಾಗಲೂ ಅದು ಮತ್ತೆ ಬಸುರಾಗಬಹುದು. ಮರಿಗಳ ತೂಕ ಮಾತ್ರ ಇಲ್ಲಿಯೂ ನಿಮ್ಮದೇ ಜವಾಬ್ದಾರಿ. ಒಂದು ಮರಿಗೆ ಹಾಲು ಸಿಗದೆ ಹಿಂದೆ ಬೀಳುತ್ತಿದ್ದರೆ ಬರಿಗಣ್ಣಿಗೆ ತಡವಾಗಿ ಗೊತ್ತಾಗುತ್ತದೆ.

ಮನೆ ಹುಡುಕುವುದು, ಕಳಿಸಿಕೊಡುವುದು

ದತ್ತು ಕೇಳುವವರಿಗೆ ಬೇಕಾಗಿರುವುದು ಆ ಬೆಕ್ಕಿನ ನಿಜವಾದ ಪರಿಚಯ. ಅದು ನಿಮಗೆ ಮಾತ್ರ ಗೊತ್ತು. "ತುಂಬಾ ಮುದ್ದು" ಅಂತ ಬರೆಯಬೇಡಿ. ಅಪರಿಚಿತರು ಬಂದಾಗ ಅಡಗುತ್ತದೆ, ರಾತ್ರಿ ಕಾಲ ಬಳಿ ಮಲಗುತ್ತದೆ, ಬೇರೆ ಬೆಕ್ಕು ಕಂಡರೆ ಬುಸುಗುಡುತ್ತದೆ ಅಂತ ಬರೆಯಿರಿ. ದೋಷ ಮುಚ್ಚಿಟ್ಟು ಕೊಟ್ಟ ಬೆಕ್ಕು ವಾಪಸ್ ಬರುತ್ತದೆ, ಆ ಓಡಾಟದಲ್ಲಿ ಕಷ್ಟಪಡುವುದು ಅದೇ. ಫೋಟೋ ಹಗಲಿನ ಬೆಳಕಿನಲ್ಲಿ, ಅದರ ಕಣ್ಣಿನ ಎತ್ತರಕ್ಕೆ ಕೂತು ತೆಗೆಯಿರಿ.

ಬಂದವರನ್ನು ಕೇಳಿ: ಕಿಟಕಿಗೆ ಜಾಲರಿ ಇದೆಯಾ, ಬಾಡಿಗೆ ಮನೆಯಾದರೆ ಒಪ್ಪಿಗೆ ಇದೆಯಾ, ಮನೆಯವರೆಲ್ಲರಿಗೂ ಬೇಕಾ, ಊರಿಗೆ ಹೋದಾಗ ಯಾರು ನೋಡುತ್ತಾರೆ. ಉತ್ತರ ಸರಿ ಬರದಿದ್ದರೆ ಬೇಡ ಅನ್ನಲು ಸಂಕೋಚ ಬೇಡ.

ನಾನೇ ಇಟ್ಟುಕೊಂಡುಬಿಡಲಾ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಬೆಕ್ಕು ನಿಜವಾಗಿಯೂ ನಿಮ್ಮ ಮನೆಗೇ ಸೇರಿದ್ದರೆ ಸಂತೋಷವಾಗಿ ಇಟ್ಟುಕೊಳ್ಳಿ. ಆದರೆ ಆ ಕೋಣೆ ತುಂಬಿತು ಅಂದರೆ ಮುಂದೆ ಬರುವ ಮರಿಗಳಿಗೆ ಜಾಗ ಇಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಮಟ್ಟಿಗೆ, ಕಳಿಸಿಕೊಡಲು ಬರುವವರೇ ಹೆಚ್ಚು ಕಾಲ ಈ ಕೆಲಸ ಮಾಡುತ್ತಾರೆ. ಕಳಿಸುವಾಗ ತೂಕದ ಪುಸ್ತಕದ ಪ್ರತಿ, ಲಸಿಕೆ ಕಾರ್ಡ್, ಒಂದು ವಾರಕ್ಕಾಗುವಷ್ಟು ಅದೇ ಆಹಾರ, ಅದು ಮಲಗುತ್ತಿದ್ದ ತೊಳೆಯದ ಬಟ್ಟೆ ಜೊತೆಗಿಡಿ. ಹೊಸ ಮನೆಯಲ್ಲಿ ಆ ವಾಸನೆ ಅದಕ್ಕೆ ಆಸರೆ.

ಆಮೇಲೆ ಕೋಣೆ. ರಟ್ಟಿನ ಡಬ್ಬ ಬಿಸಾಡಿ, ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು ನೀರು ಹಾಯಿಸಿ, ಆಮೇಲೆ ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಸೇರಿಸಿ 10 ನಿಮಿಷ ಒದ್ದೆಯಾಗಿ ಬಿಡಿ, ಮತ್ತೆ ತೊಳೆದು ಒಣಗಿಸಿ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರ್ ಕೂಡ ಬೆರೆಸಬೇಡಿ. ನೀರಿಗೆ ಹಾಕಿದರೆ ಬೆಳ್ಳಗಾಗುವ ಫಿನಾಯಿಲ್ ಜಾತಿಯ ದ್ರವಗಳು ಬೆಕ್ಕಿಗೆ ವಿಷ, ಅವು ಈ ಕೋಣೆಗೆ ಬರುವುದೇ ಬೇಡ. ಹಿಂದಿನ ಮರಿಗಳಿಗೆ ಪ್ಯಾನ್‌ಲ್ಯೂಕೋಪೀನಿಯಾ ಬಂದಿದ್ದರೆ ಲಸಿಕೆ ಆಗದ ಮರಿಗಳನ್ನು ಸದ್ಯಕ್ಕೆ ತರಬೇಡಿ, ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕನ್ನು ಮಾತ್ರ ಒಪ್ಪಿಕೊಳ್ಳಿ. ಇನ್ನು ಒಂದು ವಾರ ಚೆನ್ನಾಗಿ ನಿದ್ದೆ ಮಾಡಿ. ಮುಂದಿನ ಸಲ ಯಾವ ವಯಸ್ಸಿನ, ಎಷ್ಟು ಮರಿ ನಿಮ್ಮಿಂದ ಆಗುತ್ತದೆ ಅಂತ ತೀರ್ಮಾನಿಸಿ, ಅದನ್ನು ರಕ್ಷಣೆಯ ಗುಂಪಿನವರಿಗೆ ಹೇಳಿಡಿ.